ಬ್ರೀಜ್, ವಿಂಡ್ ಮತ್ತು ಅಕ್ಕನ ಶೆಡ್ಡಿನ ದ್ರಾಕ್ಷಿ

ಮಳೆ ಬರಬಹುದಿತ್ತು. ಮಾರ್ಚ್ ತಿಂಗಳಲ್ಲಿ ತಿಕೋಟಾದ ಕಡೆ ಮಳೆ ಅಪರೂಪವೇ. ಆದರೆ ಅಪರೂಪದ್ದೆಲ್ಲ ನಾನು ಕಾವಲಿಗೆ ಕೂತ ದಿನವನ್ನೇ ಹುಡುಕಿಕೊಂಡು ಬರುತ್ತದೆ ಎಂಬುದು ನನ್ನ ಐವತ್ತೊಂದು ವರ್ಷಗಳ ಅನುಭವ. ಮಳೆಯ ಜೊತೆ ಆಣೆಕಲ್ಲು ಬೀಳಬಹುದಿತ್ತು. ಶೆಡ್ಡಿನ ತಗಡು ಕಿತ್ತು ಹಾರಿ ಪಕ್ಕದ ಹೊಲದವರ ಎಮ್ಮೆಯ ಮೇಲೆ ಬೀಳಬಹುದಿತ್ತು. ಧೂಳೆದ್ದು ಹಸಿ ದ್ರಾಕ್ಷಿಗೆಲ್ಲ ಮೆತ್ತಿಕೊಳ್ಳಬಹುದಿತ್ತು. ಜೇನುನೊಣಗಳು ತಮ್ಮ ಬಳಗವನ್ನೆಲ್ಲ ಕರೆದುಕೊಂಡು ಬರಬಹುದಿತ್ತು. ರ‍್ಯಾಕಿನ ಕೆಳಗೆ ತಂಪಿಗೆಂದು ಹಾವು ಮಲಗಿರಬಹುದಿತ್ತು. ಅದನ್ನು ನಾನು ಹಗ್ಗವೆಂದು ತಿಳಿದು ಪರದೆ ಕಟ್ಟಲು ಎತ್ತಿಕೊಳ್ಳಬಹುದಿತ್ತು. ನಾನೇ ಏಣಿಯಿಂದ ಬೀಳಬಹುದಿತ್ತು. ಬಿದ್ದರೆ ಬೀಳಲಿ, ದ್ರಾಕ್ಷಿಯ ಮೇಲೆ ಬೀಳಬಾರದು. ಅಕ್ಕನ ಅತ್ತೆಯ ಬಿಪಿ ಏರಬಹುದಿತ್ತು, ಅದಕ್ಕೆ ನಾನೇ ಕಾರಣನಾಗಬಹುದಿತ್ತು, ಅವರನ್ನು ದವಾಖಾನೆಗೆ ಕರೆದೊಯ್ಯುವ ಹೊತ್ತಿಗೆ ಸರಿಯಾಗಿ ನನ್ನ ಗಾಡಿಯ ಪೆಟ್ರೋಲು ಮುಗಿದಿರಬಹುದಿತ್ತು.

ಇದನ್ನೆಲ್ಲ ಶನಿವಾರ ಸಂಜೆ ಜಲನಗರದ ನಮ್ಮ ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಅವಳು ಮರುದಿನಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಭೂಕಂಪ ಬಿಟ್ಟೀರಿ ನೋಡ್ರಿ. ಬರ್ಕೊಳ್ರಿ."

ಬರೆದುಕೊಂಡೆ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನನ್ನು ಕೊಟ್ಟಿರುವುದು ತಿಕೋಟಾದ ಆಚೆ, ದ್ರಾಕ್ಷಿ ಬೆಳೆಯುವ ಮನೆಗೆ. ಮೂವತ್ತು ವರ್ಷಗಳಿಂದ ಅವಳು ಆ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಬಳ್ಳಿ ಕಟ್ಟಿದ್ದಾಳೆ, ಎಲೆ ಸವರಿದ್ದಾಳೆ, ಗೊಂಚಲಿನ ಹೆಚ್ಚಿನ ಕಾಯಿ ಬಿಡಿಸಿದ್ದಾಳೆ. ಆದರೆ ದ್ರಾಕ್ಷಿ ಹಣ್ಣಾಗುತ್ತಲೇ ಅದು ಗಂಡಸರ ಮಾತಾಗಿಬಿಡುತ್ತಿತ್ತು. ವ್ಯಾಪಾರಿ ಬಂದು ಬಳ್ಳಿಯ ಮೇಲೇ ನೋಡಿ, ತನ್ನ ಮಂದಿಯಿಂದ ಕೊಯ್ಯಿಸಿಕೊಂಡು ಹೋಗುತ್ತಿದ್ದ. ಪಡದ ಪಕ್ಕದಲ್ಲೇ ಇದ್ದ ಒಣಗಿಸುವ ಶೆಡ್ಡನ್ನು ಯಾರಿಗೋ ಬಾಡಿಗೆಗೆ ಬಿಡುತ್ತಿದ್ದರು. ಈ ವರ್ಷ ಅಕ್ಕ ಕೇಳಿದಳು: ನಾಲ್ಕು ಸಾಲು ದ್ರಾಕ್ಷಿ ಮತ್ತು ಆ ಶೆಡ್ಡು ನನ್ನ ಕೈಗೆ ಕೊಡಿ, ಒಣದ್ರಾಕ್ಷಿ ನಾನು ಮಾಡಿ ತೋರಿಸುತ್ತೇನೆ.

ಮಾವ, ಅಂದರೆ ಅಕ್ಕನ ಗಂಡ, ಅಕ್ಕನ ಮುಖ ನೋಡಿದರು, ಆಮೇಲೆ ತಮ್ಮ ತಾಯಿಯ ಮುಖ ನೋಡಿದರು. ಆ ಮನೆಯಲ್ಲಿ ತೀರ್ಪು ಹೊರಡುವ ಕ್ರಮವೇ ಅದು. ಅಕ್ಕನ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರಂತೆ: "ಆಗಲಿ. ಒಂದ ಸಲ. ಬಣ್ಣಾ ಹೋತಂದ್ರ ಮತ್ತ ಶೆಡ್ಡಿನ ಹೆಸರ ಎತ್ತಬಾರದು."

ಬಣ್ಣ ಎಂದರೆ ಇಷ್ಟೇ. ಗೊಂಚಲುಗಳನ್ನು ಎಣ್ಣೆ, ಪೌಡರ್ ಕಲಸಿದ ನೀರಿನಲ್ಲಿ ಅದ್ದಿ, ಹತ್ತು ಅಂತಸ್ತಿನ ರ‍್ಯಾಕಿನ ಜಾಳಿಗೆಗಳ ಮೇಲೆ ಹರವುತ್ತಾರೆ. ಮೇಲೆ ತಗಡು, ನಾಲ್ಕೂ ಕಡೆ ಬಯಲು, ಬೇಕಾದಾಗ ಇಳಿಸಲು ಹಸಿರು ಪರದೆ. ಬಿಸಿಲು ನೇರ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಗಾಳಿ ಆಡಿದರೆ ಹದಿನೈದು ದಿನಕ್ಕೆ ತಿಳಿಹಸಿರು ಬಣ್ಣದ, ಬೆಳಕಿಗೆ ಹಿಡಿದರೆ ಮಿನುಗುವ ಒಣದ್ರಾಕ್ಷಿ. ಗಾಳಿ ನಿಂತರೆ ದ್ರಾಕ್ಷಿ ಕಂದುತ್ತದೆ. ಗಾಳಿ ಜೋರಾದರೆ ಧೂಳು ಮೆತ್ತುತ್ತದೆ. ಎರಡರಲ್ಲೂ ಬಣ್ಣ ಹೋಯಿತೆಂದೇ ಲೆಕ್ಕ, ಅಕ್ಕನ ಮಾತೂ ಹೋಯಿತೆಂದೇ ಲೆಕ್ಕ.

ಅಕ್ಕ ಶುಕ್ರವಾರ ದ್ರಾಕ್ಷಿ ಹರವಿದಳು. ಬಬಲೇಶ್ವರದಲ್ಲಿರುವ ಅವಳ ಮಗಳಿಗೆ ಏಳನೆಯ ತಿಂಗಳು. ಬೀಗರು ಕುಬಸದ ಕಾರ್ಯವನ್ನು ಭಾನುವಾರಕ್ಕೆ ಇಟ್ಟರು. ಬಸುರಿಗೂ ಮಾಗಿದ ದ್ರಾಕ್ಷಿಗೂ ಮುಂದಿನ ವಾರ ನೋಡೋಣ ಎನ್ನಲಾಗುವುದಿಲ್ಲ. ತವರಿನವರು ಬುತ್ತಿ ಹೊತ್ತು ಹೋಗಬೇಕು, ಮಗಳ ಉಡಿ ತುಂಬಬೇಕು. ಮನೆಯವರು, ಓಣಿಯವರು, ಪಡದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಎಲ್ಲರೂ ಎರಡು ಟಂಟಂ ರಿಕ್ಷಾ ಮಾಡಿಕೊಂಡು ಹೊರಟರು. ಮೊಣಕಾಲು ನೋವಿನ ಅತ್ತೆಯೊಬ್ಬರು ಉಳಿದರು. ಶೆಡ್ಡಿಗೆ ಒಬ್ಬ ಗಂಡಸು ಬೇಕಿತ್ತು. ಬಬಲೇಶ್ವರದಲ್ಲಿ ನಾನು ಇಲ್ಲದಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲವೆಂದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಸೋದರಮಾವನ ಪರವಾಗಿ ನನ್ನ ಹೆಂಡತಿ ಹೋದಳು, ಇಸ್ತ್ರಿ ಮಾಡಿದ ಸೀರೆಯುಟ್ಟು, ಬಹಳ ಸಂತೋಷದಿಂದ.

ಅದೇ ವಾರ ಎಂಟನೆಯ ಕ್ಲಾಸಿನಲ್ಲಿ ಒಂದು ಪಾಠ ಮಾಡುವಾಗ ಬ್ರೀಜ್ ಮತ್ತು ವಿಂಡ್ ಎಂಬ ಎರಡು ಶಬ್ದ ಒಟ್ಟಿಗೆ ಬಂದಿದ್ದವು. ಡಿಕ್ಷನರಿ ನೋಡಿಕೊಂಡು ಹೋಗಿದ್ದೆ. ವಿಂಡ್ ಅಂದರೆ ಬೀಸುವ ಗಾಳಿ, ಬ್ರೀಜ್ ಅಂದರೆ ಮೆಲ್ಲಗೆ ಬೀಸುವ ಗಾಳಿ, ಎಂದು ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಹಂಗಾರ ಬ್ರೀಜೂ ಒಂದು ವಿಂಡೇ ಆತಲ್ರಿ?"

"ಹೌದು."

"ಎಷ್ಟ ಜೋರ ಆದ್ರ ಬ್ರೀಜ್ ಹೋಗಿ ವಿಂಡ್ ಆಗತೈತ್ರಿ?"

ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಅದು ಸಂದರ್ಭದ ಮೇಲೆ ಇರುತ್ತದೆ ಎಂದೆ. ಮಾಸ್ತರರಿಗೆ ಉತ್ತರ ಗೊತ್ತಿಲ್ಲದಾಗ ಎಲ್ಲವೂ ಸಂದರ್ಭದ ಮೇಲೆಯೇ ಇರುತ್ತದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೊಬ್ಬಳು, ಕೂತಲ್ಲಿಂದಲೇ, ಗೆಳತಿಗೆ ಹೇಳಿದಳು: "ಒಣಗಾಕ ಹಾಕಿದ ಅರಿವಿ ಹಗ್ಗದ ಮ್ಯಾಲ ಅಲ್ಲಾಡಿದ್ರ ಬ್ರೀಜ್. ಬಾಜೂ ಮನಿಗೆ ಹೋತಂದ್ರ ವಿಂಡ್."

ಕ್ಲಾಸು ನಕ್ಕಿತು. ನಾನು ಬೋರ್ಡಿನ ಮೇಲಿನ ಸಾಲು ಒರೆಸಿ ಅವಳು ಹೇಳಿದ್ದನ್ನೇ ಬರೆದೆ.

ಮನೆಗೆ ಬಂದ ಮೇಲೂ ಅದೇ ಗುಂಗು. ಸುದ್ದಿಯಲ್ಲಿ ಕಂಬ ಉರುಳಿಸುವುದು ಯಾವಾಗಲೂ ವಿಂಡ್; ಬ್ರೀಜಿನಿಂದ ಕರೆಂಟು ಹೋಯಿತೆಂದು ಯಾರೂ ಬರೆಯುವುದಿಲ್ಲ. ಊರ ಹೊರಗಿನ ಗುಡ್ಡದ ಮೇಲೆ ರೆಕ್ಕೆ ತಿರುಗಿಸಿ ವಿದ್ಯುತ್ತು ಮಾಡುವುದಕ್ಕೂ ವಿಂಡೇ ಬೇಕು. ಆದರೆ ಸೊಲ್ಲಾಪುರ ರಸ್ತೆಯಲ್ಲಿ ಸೈಟು ಮಾರುವ ಬೋರ್ಡಿನ ಮೇಲೆ ಬ್ರೀಜ್ ಎಂದೇ ಬರೆಯಬೇಕು. ವಿಂಡ್ ಎಂದು ಹೆಸರಿಟ್ಟ ಲೇಔಟಿನಲ್ಲಿ ಮನೆ ಕಟ್ಟಿಸುವ ಧೈರ್ಯ ಯಾರಿಗಿದೆ? ಅಂದರೆ ಆ ಶಬ್ದಗಳಲ್ಲಿರುವುದು ಬರೀ ವೇಗವಲ್ಲ. ಬ್ರೀಜ್ ನಮಗೆ ಬೇಕಾದದ್ದು, ವಿಂಡ್ ತನಗೆ ಬೇಕಾದಂತೆ ಬರುವುದು. ನಮ್ಮಲ್ಲಿ ತಂಗಾಳಿ, ಬಿರುಗಾಳಿ ಎಂಬ ಮಾತುಗಳು ಪುಸ್ತಕದಲ್ಲಿವೆ. ಮನೆಯಲ್ಲಿ ಮಾತ್ರ ಎಲ್ಲವೂ ಗಾಳಿಯೇ: ಗಾಳಿ ಬಿಟ್ಟೈತಿ, ಗಾಳಿ ಎದ್ದೈತಿ, ಗಾಳಿ ನಿಂತೈತಿ. ಅದು ಏನು ಮಾಡುತ್ತಿದೆ ಎಂದು ಹೇಳುತ್ತೇವೆ, ಹೆಸರು ಬದಲಿಸುವುದಿಲ್ಲ. ಹೀಗೆಲ್ಲ ಹೊಳೆದದ್ದಕ್ಕೆ ನನಗೆ ನನ್ನ ಮೇಲೆ ಸ್ವಲ್ಪ ಗೌರವ ಬಂದಿತ್ತು. ಅದು ಭಾನುವಾರ ಮಧ್ಯಾಹ್ನದವರೆಗೆ ಇತ್ತು.

ಭಾನುವಾರ ಬೆಳಿಗ್ಗೆ ಅಕ್ಕ ರೇಷ್ಮೆ ಸೀರೆಯುಟ್ಟು ಹೊರಟು ನಿಂತವಳು ನನ್ನನ್ನು ಶೆಡ್ಡಿನೊಳಗೆ ಎಳೆದುಕೊಂಡು ಹೋದಳು. ಎರಡು ರ‍್ಯಾಕುಗಳ ನಡುವಿನ ಓಣಿಯಲ್ಲಿ ನಿಲ್ಲಿಸಿದಳು.

"ಇಲ್ಲಿ ನಿಂದ್ರು. ಇದನ್ನ ನೋಡು." ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಜೋತುಬಿಟ್ಟಳು. ಅದು ಸಣ್ಣಗೆ ಅತ್ತಿತ್ತ ಆಡಿತು. "ಸೆರಗ ಹಿಂಗ ಉಸಿರಾಡಾಕತ್ತಿದ್ರ ಪರದೆ ಮ್ಯಾಲ ಇರಲಿ. ಬೆರಳಾಗಿಂದ ಜಗ್ಗಿತಂದ್ರ ಆ ಕಡೀ ಪರದೆ ಅಷ್ಟ ಇಳಸು. ಮೂಗಿಗೆ ಮಣ್ಣಿನ ವಾಸನಿ ಬಂತಂದ್ರ ಇಳಿಸಿ ಕಟ್ಟಿಬಿಡು. ಧೂಳ ಹ್ವಾದ ಮ್ಯಾಲ ತಿರುಗಿ ಎತ್ತು. ಇಷ್ಟ."

"ನನಗ ಸೆರಗ ಎಲ್ಲೈತಿ ಯಕ್ಕಾ?"

"ಬುದ್ಧಿ ಐತೆಲ್ಲೋ. ಸಾಲ್ಯಾಗ ಇಂಗ್ಲಿಷ್ ಕಲಸ್ತಿ."

ಹೊರಗೆ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ ಅತ್ತೆ ಅಂದರು: "ಮಾಸ್ತರ್ರಿಗೆ ಇಂಗ್ಲಿಷ್ ಬರ್ತೈತಿ ಖರೆ. ದ್ರಾಕ್ಷಿಗೆ ಬರಬೇಕಲ್ಲ?"

ಟಂಟಂ ಹೊರಡುವ ಮೊದಲು ಅಕ್ಕ ಮತ್ತೊಮ್ಮೆ ಇಳಿದು ಬಂದಳು. ಕೆಳಗಿನ ಜಾಳಿಗೆಯ ಒಂದು ಗೊಂಚಲನ್ನು ಸ್ವಲ್ಪ ಸರಿಸಿಟ್ಟು ಹೋದಳು. ಮಗಳ ಕುಬಸಕ್ಕೆ ಹೊರಟ ತಾಯಿ ಅಷ್ಟೊಂದು ಬಾರಿ ಹಿಂತಿರುಗಿ ನೋಡಿದ್ದು ಶೆಡ್ಡನ್ನು. ಆಗ ಎಮ್ಮೆ, ಹಾವು, ಭೂಕಂಪ ಎಲ್ಲ ಹಿಂದೆ ಬಿದ್ದು ಒಂದೇ ಚಿಂತೆ ಮುಂದೆ ಬಂತು: ಬಣ್ಣ.

ಮೊದಲೆರಡು ಗಂಟೆ ಓಣಿಯಲ್ಲಿ ಕರವಸ್ತ್ರ ಹಿಡಿದು ನಿಂತೆ. ಅದು ಆಡಿತು. ಇದು ಉಸಿರಾಟವೋ ಜಗ್ಗಾಟವೋ? ಬೆರಳು ಸಡಿಲ ಮಾಡಿ ನೋಡಿದೆ, ಬಿಗಿ ಮಾಡಿ ನೋಡಿದೆ. ಎಷ್ಟು ಜೋರಾದರೆ ಬ್ರೀಜ್ ಹೋಗಿ ವಿಂಡ್ ಆಗುತ್ತದೆ ಎಂಬ ಆ ಹುಡುಗಿಯ ಪ್ರಶ್ನೆ ಈಗ ನನ್ನ ಅಕ್ಕನ ಪ್ರಶ್ನೆಯಾಗಿ ಎದುರು ನಿಂತಿತ್ತು. ಸಂದರ್ಭದ ಮೇಲೆ ಎಂದರೆ ದ್ರಾಕ್ಷಿ ಕೇಳುವುದಿಲ್ಲ. ಫೋನು ತೆಗೆದು ಹವಾಮಾನ ನೋಡಿದೆ. ವಿಜಯಪುರ ಎಂಬ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಶಬ್ದ ಇತ್ತು: ವಿಂಡಿ.

ಬ್ರೀಜಿ ಎಂದಿದ್ದರೆ ಸುಮ್ಮನಿರುತ್ತಿದ್ದೆ. ವಿಂಡಿ ಎಂದಿತ್ತು. ಅಚ್ಚಾದ ಇಂಗ್ಲಿಷಿನ ಎದುರು ನಾನು ಸೋಲುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಒಂದು ಕಡೆ ಇಳಿಸಿದೆ. ಗಾಳಿ ದಿಕ್ಕು ಬದಲಿಸಿದರೆ ಎಂದು ಇನ್ನೊಂದು ಕಡೆ ಇಳಿಸಿದೆ. ಉಳಿದೆರಡು ಕಡೆ ಮಾತ್ರ ಏಕೆ ಬಯಲಿರಬೇಕು ಎಂದು ನಾಲ್ಕೂ ಕಡೆ ಇಳಿಸಿ, ಕೆಳಗೆ ಕಲ್ಲು ಹೇರಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಶೆಡ್ಡು ಹಸಿರು ಪೆಟ್ಟಿಗೆಯಂತೆ ಭದ್ರವಾಗಿತ್ತು. ಅಂದು ಮೊದಲ ಬಾರಿಗೆ ನನಗೆ ಸಮಾಧಾನವಾಯಿತು. ನನಗೆ ಸಮಾಧಾನವಾದಾಗಲೇ ಹೆದರಬೇಕು ಎಂಬುದನ್ನು ನಾನು ಇನ್ನೂ ಕಲಿತಿಲ್ಲ.

ಊಟದ ಹೊತ್ತಿಗೆ ಅತ್ತೆ ಕೋಲೂರಿಕೊಂಡು ರೊಟ್ಟಿ ಕಟ್ಟಿದ ಗಂಟು ಹಿಡಿದು ಬಂದರು. ದೂರದಲ್ಲೇ ನಿಂತರು.

"ಏನ್ರಿ ಮಾಸ್ತರ್ರ, ದ್ರಾಕ್ಷಿಗೆ ಥಂಡಿ ಹತ್ತಿತ್ತೇನ್ರಿ? ಚಾದರ ಹೊಚ್ಚೀರಲ್ಲ!"

"ಗಾಳಿ ಬಾಳ ಐತ್ರಿ ಯವ್ವಾ."

"ಎಲ್ಲೈತಿ?"

ಫೋನು ತೋರಿಸಿದೆ. ಅವರು ಫೋನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಪರದೆ ಸರಿಸಿ ಒಳಗೆ ಹೋಗಿ ನಡುವಿನ ಜಾಳಿಗೆಯ ಕೆಳಗೆ ಅಂಗೈ ಇಟ್ಟರು. ನಾನೂ ಇಟ್ಟೆ. ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಕುತ್ತಿಗೆಯ ಹಾಗೆ ತೇವವಾಗಿತ್ತು. ಒಳಗೆ ಬ್ರೀಜೂ ಇರಲಿಲ್ಲ, ವಿಂಡೂ ಇರಲಿಲ್ಲ. ಎರಡು ಬಗೆಯ ಗಾಳಿಯನ್ನು ವಾರವಿಡೀ ಹೋಲಿಸಿ ನೋಡಿದ ನಾನು ಮೂರನೆಯದನ್ನು ನನ್ನ ಕೈಯಾರೆ ಮಾಡಿಟ್ಟಿದ್ದೆ: ಅಲ್ಲಾಡದೆ ನಿಂತ ಗಾಳಿ. ದ್ರಾಕ್ಷಿ ಕಂದುವುದು ಅದರಲ್ಲೇ.

"ಎಷ್ಟ ಹೊತ್ತಾತು?"

"ಎರಡ ತಾಸರಿ."

"ಲೇ! ನಿಂತಿ ಯಾಕೋ? ಹಗ್ಗಾ ಬಿಡೋ!"

ಮಾಸ್ತರ್ರಿಗೆ ಸಲ್ಲುವ ರೀ ಅಲ್ಲಿಗೆ ಮುಗಿಯಿತು. ನಾನು ಓಡಿದೆ. ಅವರು ಮೊಣಕಾಲಿನ ನೋವು ಎಲ್ಲಿಟ್ಟರೋ, ಓಣಿಯಿಂದ ಓಣಿಗೆ ಕೋಲೂರುತ್ತ ಹೋಗಿ ಜಾಳಿಗೆಗಳನ್ನು ಕೆಳಗಿನಿಂದ ಮೆಲ್ಲಗೆ ತಟ್ಟುತ್ತ ಬಂದರು, ಗೊಂಚಲಿನ ನಡುವೆ ಗಾಳಿ ಹೋಗಲೆಂದು. ನಾಲ್ಕೂ ಕಡೆ ಪರದೆ ಎತ್ತಿದ ಮೇಲೆ ಅವರು ನಡುವಿನ ಓಣಿಯಲ್ಲಿ ನಿಂತು ಸೆರಗಿನ ತುದಿ ಹಿಡಿದರು. ಅದು ಉಸಿರಾಡಿತು. ನಾನೂ ಉಸಿರಾಡಿದೆ.

ರೊಟ್ಟಿ ತಿನ್ನುವಾಗ ಕೇಳದೆ ಇರಲಾಗಲಿಲ್ಲ. "ಯವ್ವಾ, ಬಣ್ಣಾ ಹೋಗಿದ್ರ ನಿಮ್ಮ ಮಾತ ಗೆಲ್ಲತಿತ್ತಲ್ರಿ?"

"ಮಾತ ಗೆಲ್ಲಾಕಂತ ದ್ರಾಕ್ಷಿ ಕೊಳೀಸಬೇಕೇನೊ?" ಚಟ್ನಿಪುಡಿಗೆ ಎಣ್ಣೆ ಹಾಕಿ ನನ್ನ ಕಡೆ ಸರಿಸಿದರು. ತಾವೇ ಮುಂದುವರಿಸಿದರು. "ನಮ್ಮ ತವರ ಮನಿ ಜೈನಾಪುರ. ನಮ್ಮಪ್ಪನ ಹೊಲದಾಗ ಮೆಣಸಿನಕಾಯಿ ಒಣಗಸಾಕಿ ನಾನ. ಯಾವತ್ತ ಹರವಬೇಕು, ಯಾವತ್ತ ತಿರುವಬೇಕು, ಎಲ್ಲಾ ನನಗ ಗೊತ್ತಿತ್ತು. ಮಾರಾಕ ಹೋಗುಮುಂದ ಮಾತ್ರ ಅಣ್ಣನ ಕರೀತಿದ್ರು. ಇಲ್ಲಿಗೆ ಬಂದ್ನಿ, ಇಲ್ಲೂ ಅದ ರೀತಿ. ನನಗ ಸಿಗಲಾರದ್ದು ನಿಮ್ಮಕ್ಕ ಬಾಯಿ ಬಿಟ್ಟ ಕೇಳಿದ್ಲು. ಅದಕ್ಕ ಸಿಟ್ಟ ಬಂದಿತ್ತು, ಇಲ್ಲ ಅನ್ನೂದಿಲ್ಲ."

"ಈಗರಿ?"

"ಈಗ ರೊಟ್ಟಿ ತಿನ್ನು."

ಸಂಜೆ ಹತ್ತಿರವಾಗುತ್ತಲೇ ನಿಜವಾದದ್ದು ಬಂತು. ನನಗೆ ಏನೂ ಕಾಣದಿರುವಾಗ ಕಟ್ಟೆಯ ಮೇಲಿದ್ದ ಅತ್ತೆ ಮೂಗು ಎತ್ತಿದರು. "ಪಡುವಣದ್ದು ಇಳಸು. ಈಗ." ನೋಡಿದರೆ ಉತ್ತ ಹೊಲಗಳ ಆಚೆ ಕೆಂಪಗೆ ಗೋಡೆಯಂಥದು ಎದ್ದಿತ್ತು. ಈ ಸಲ ಡಿಕ್ಷನರಿ ಬೇಕಾಗಲಿಲ್ಲ. ಪಡುವಣ ಪರದೆ ಇಳಿಸಿ ಕಟ್ಟತೊಡಗಿದೆ. ಅವರು ಒಂದೊಂದು ಹಗ್ಗದ ತುದಿಯನ್ನು ಹಿಡಿದು ನನ್ನ ಕೈಗೆ ಕೊಡುತ್ತ ಬಂದರು. ತಗಡು ಗಡಗಡ ಅಂದಿತು, ಪರದೆ ಉಬ್ಬಿ ನಮ್ಮನ್ನೇ ಎತ್ತಿಕೊಂಡು ಹೋಗುವಂತೆ ಮಾಡಿತು. ನಾನು ಬೆನ್ನು ಕೊಟ್ಟು ನಿಂತೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಧೂಳು ಕೂತಿತು. ನಮ್ಮ ತಲೆ, ಹುಬ್ಬು, ರೊಟ್ಟಿಯ ಗಂಟು ಎಲ್ಲ ಕೆಂಪಾಗಿದ್ದವು. ದ್ರಾಕ್ಷಿ ಶುಭ್ರವಾಗಿತ್ತು.

ಹೊತ್ತು ಮುಳುಗುವ ಮೊದಲೇ ಟಂಟಂ ಬಂತು. ಅಕ್ಕ ಕುಂಕುಮ ಹಚ್ಚಿದ ಹಣೆಯಲ್ಲೇ ನೇರ ಶೆಡ್ಡಿಗೆ ಬಂದಳು. ಪಡುವಣ ಪರದೆ ಎತ್ತಿಸುತ್ತ, ಮುಟ್ಟುತ್ತ, ಮೂಸುತ್ತ ಹೋದಳು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು.

"ಏನರ ಆತೇನು?"

ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಮೊದಲೇ ಹೇಳಿದರು: "ಏನಾಗತೈತಿ? ಮಾಸ್ತರ ಛಲೋ ನೋಡ್ಕೊಂಡಾನ. ಹುಡುಗಿ ಹೆಂಗದಾಳ, ಅದನ್ನ ಹೇಳು ಮೊದಲ."

ಸುಳ್ಳು ಹೊತ್ತುಕೊಂಡು ಜಲನಗರಕ್ಕೆ ಬಂದವನಿಗೆ ಮೂರು ದಿನ ಅನ್ನ ರುಚಿಸಲಿಲ್ಲ. ಬುಧವಾರ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಅಕ್ಕ ನಕ್ಕಳು.

"ನನಗ ಅವತ್ತ ಗೊತ್ತಾತು ಬಿಡೊ. ಶೆಡ್ಡಿನ ಎಲ್ಲಾ ಓಣ್ಯಾಗೂ ನೆಲದ ಮ್ಯಾಲ ಅತ್ತಿ ಕೋಲಿನ ತೂತ ಬಿದ್ದಿದ್ವು. ಮೊಣಕಾಲ ನೋವಿನಾಕಿ ಸುಮ್ಮ ಸುಮ್ಮನ ಅಷ್ಟ ಯಾಕ ಅಡ್ಡಾಡ್ತಾಳ?"

ಆಮೇಲೆ ದಿನವೂ ಫೋನು. ಇಂದು ಮೋಡ ಐತೇನು? ತಗಡಿನ ಮೊಳೆ ನೋಡಿದ್ರೇನು? ಇರುವೆ ಹತ್ತಿಲ್ಲ ತಾನೆ? ಹತ್ತನೆಯ ದಿನ ಮಾವ ಫೋನು ಎತ್ತಿಕೊಂಡು, "ಅಳಿಯಾ, ದ್ರಾಕ್ಷಿ ಆರಾಮ ಅದಾವ. ಮಾತಾಡ್ತಿಯೇನು, ಫೋನ ಅವಕ್ಕ ಕೊಡಲ್ಯಾ?" ಎಂದರು. ಅಂದಿನಿಂದ ಎರಡು ದಿನಕ್ಕೊಮ್ಮೆ ಮಾಡಿದೆ.

ಹದಿನಾರನೆಯ ದಿನ ಹೋದೆ. ವ್ಯಾಪಾರಿ ಒಂದು ಹಿಡಿ ಒಣದ್ರಾಕ್ಷಿಯನ್ನು ಹೊರಗೆ ತಂದು ಬಿಸಿಲಿಗೆ ಹಿಡಿದ. ತಿರುಗಿಸಿದ, ಎರಡು ತಿಂದ, ಇನ್ನೊಂದು ರ‍್ಯಾಕಿನಿಂದ ಮತ್ತೊಂದು ಹಿಡಿ ತಂದ. ಅಕ್ಕ ಕಂಬ ಹಿಡಿದು ನಿಂತಿದ್ದಳು. "ಬಣ್ಣಾ ಛಲೋ ಕುಂತೈತ್ರಿ," ಎಂದ ಅವನು ಮಾವನ ಕಡೆ ತಿರುಗಿ. ಮಾವ ಅಕ್ಕನ ಕಡೆ ಕೈ ತೋರಿಸಿ, "ಆಕೀ ಕೂಡ ಮಾತಾಡ್ರಿ," ಎಂದರು. ಈ ಸಲ ಅವರು ತಾಯಿಯ ಮುಖ ನೋಡಲಿಲ್ಲ. ಅತ್ತೆ ಮಾತ್ರ ಕಟ್ಟೆಯ ಮೇಲಿಂದ ಸೊಸೆಗೆ ಹೇಳಿದರು: "ಮುಂದಿನ ವರ್ಷ ನಾಕ ಸಾಲ ಸಾಲೂದಿಲ್ಲ. ಹತ್ತ ಇಟ್ಕೊ."

ಅಕ್ಕ ಒಳಗೆ ಹೋಗಿ ಜಾಳಿಗೆ ಇಳಿಸಲು ಶುರುಮಾಡಿದಳು. ನಾನೂ ಕೈ ಹಚ್ಚಿದೆ. ಎಲ್ಲವೂ ತಿಳಿಹಸಿರು. ಪಡುವಣ ಮೂಲೆಗೆ ಬಂದಾಗ ಅಕ್ಕ ಅಲ್ಲಿ ಪೇರಿಸಿದ್ದ ಖಾಲಿ ಕ್ರೇಟುಗಳನ್ನು ಸರಿಸಿ, ಬಗ್ಗಿ ನೋಡಿ, ನನ್ನನ್ನು ಕರೆದಳು.

"ಲೇ, ಇದು ನಿನ್ನ ಗಂಟ ಹೌದಲ್ಲೋ?"

ಧೂಳೆದ್ದ ಹೊತ್ತಿನಲ್ಲಿ ರ‍್ಯಾಕಿನ ಕಾಲಿಗೆ ಪರದೆಯ ತುದಿಯನ್ನು ಎರಡು ಮಡಿಕೆ ಮಾಡಿ ಬಿಗಿದಿದ್ದೆ. ಕ್ರೇಟಿನ ಮರೆಯಲ್ಲಿ ಅದೊಂದು ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿದಿತ್ತು. ಅಷ್ಟು ಫೋನು ಮಾಡಿದರೂ ಅದೊಂದನ್ನು ನಾನು ಕೇಳಿರಲಿಲ್ಲ. ಅದರ ಹಿಂದಿನ ಜಾಳಿಗೆಯ ಮೂಲೆಯಲ್ಲಿ ಗಾಳಿ ಆಡದೆ ಒಂದು ಬೊಗಸೆ ದ್ರಾಕ್ಷಿ ಕಂದಿತ್ತು.